ಯಂತ್ರಕ್ಕೆ ಕೋಟಿ, ಕಲಿಸುವವರಿಗೆ ಅರ್ಧ ಪತ್ರಿಕೆ

ನಮ್ಮ ನಾಡಿನ ವಿದ್ಯಾ ಇಲಾಖೆಯ ಮಹನೀಯರಿಗೆ ಯಂತ್ರದ ಮೇಲೆ ಅಪಾರ ಭಕ್ತಿ. ಹೊಸ ಪೆಟ್ಟಿಗೆಯೊಂದು ಶಾಲೆಯ ಬಾಗಿಲಿಗೆ ಬಂತೆಂದರೆ ಸಾಕು. ಅದಕ್ಕೆ ತೋರಣ, ಅರಿಶಿನ ಕುಂಕುಮ, ತೆಂಗಿನಕಾಯಿ, ಶಾಸಕರ ಭಾಷಣ, ಮರುದಿನ ಪತ್ರಿಕೆಯಲ್ಲಿ ಚಿತ್ರ. ಆದರೆ ಆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಮಕ್ಕಳಿಗೆ ಪಾಠ ಹೇಳಬೇಕಾದವರು ಯಾರು, ಅವರಿಗೆ ಅದನ್ನು ಬಳಸಲು ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದರು, ಹೇಗೆ ಕಲಿಸಿದರು ಎಂಬ ಮಾತು ಮಾತ್ರ ಯಾವ ಭಾಷಣದಲ್ಲಿಯೂ ಬರುವುದಿಲ್ಲ. ಈ ವಾರ ನಾವು ಆ ಮಾತನ್ನೇ ಎತ್ತುತ್ತಿದ್ದೇವೆ.

ಇದು ಪಂಡಿತರ ಚರ್ಚೆ, ನಮಗೇಕೆ ಎಂದು ಓದುಗ ಬಾಂಧವರು ಪುಟ ಮಗುಚಬಾರದು. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುವವರ ಮಕ್ಕಳು, ಸಂತೆಯಲ್ಲಿ ಅಂಗಡಿ ಹಾಕುವವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕೂತಿದ್ದಾರೆ. ಅದೇ ಮನೆಗಳ ಹಿರಿಯ ಹೆಣ್ಣುಮಕ್ಕಳು, ಗಂಡುಮಕ್ಕಳು ಬಿ.ಎಡ್., ಡಿ.ಇಎಲ್.ಇಡಿ. ಓದುತ್ತ ನಾಳೆ ಮೇಷ್ಟ್ರಾಗುವ ಕನಸು ಕಾಣುತ್ತಿದ್ದಾರೆ. ಆ ಓದಿಗೆ ಬಡ್ಡಿ ಸಾಲ ತಂದವರು ನೀವು. ಆದ್ದರಿಂದ ಈ ಪ್ರಶ್ನೆ ಮೊದಲು ನಿಮ್ಮದು, ಆಮೇಲೆ ಪಂಡಿತರದು.

ಬಂದ ಪೆಟ್ಟಿಗೆಗಳ ಕಥೆ

ಪೆಟ್ಟಿಗೆಗಳು ಬಂದದ್ದು ಇಂದು ನಿನ್ನೆಯಲ್ಲ. 1975ರ ಆಗಸ್ಟ್ 1ರಂದು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ. ಕರೆಂಟು ಕಾಣದ ಊರುಗಳಲ್ಲಿ ಬ್ಯಾಟರಿಯಿಂದಲೂ ಪೆಟ್ಟಿಗೆ ನಡೆಯಿತು. ಆ ಪ್ರಯೋಗ ಮಾಡಿದ ನಮ್ಮ ವಿಜ್ಞಾನಿಗಳ ಶ್ರಮ ದೊಡ್ಡದು, ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಉಪಗ್ರಹ ನಮ್ಮದಾಗಿರಲಿಲ್ಲ, ಎರವಲು ತಂದದ್ದು. 1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು, ಉಪಗ್ರಹ ಹಿಂದಕ್ಕೆ ಹೋಯಿತು.

1984ರಲ್ಲಿ ದೆಹಲಿಯವರು ಶಾಲೆಗಳಿಗೆ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಕಂಪ್ಯೂಟರುಗಳನ್ನು ತರಿಸಿದರು. ಅದಾಗಿ ಮೂರು ವರ್ಷಕ್ಕೆ, 1987ರಲ್ಲಿ, ಅದೇ ದೆಹಲಿ 'ಕಪ್ಪು ಹಲಗೆ ಕಾರ್ಯಾಚರಣೆ' ಎಂಬ ಯೋಜನೆ ಹೂಡಬೇಕಾಯಿತು. ಏಕೆಂದರೆ ದೇಶದ ಅಸಂಖ್ಯ ಪ್ರಾಥಮಿಕ ಶಾಲೆಗಳಲ್ಲಿ ಎರಡು ಕೋಣೆಗಳಿರಲಿಲ್ಲ, ಇಬ್ಬರು ಉಪಾಧ್ಯಾಯರಿರಲಿಲ್ಲ, ಬರೆಯಲು ಒಂದು ಕಪ್ಪು ಹಲಗೆಯೂ ಇರಲಿಲ್ಲ! ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ.

2004ರ ಸೆಪ್ಟೆಂಬರ್ 20ರಂದು ನಮ್ಮದೇ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು. ಶಿಕ್ಷಣಕ್ಕೆಂದೇ ಹಾರಿಸಿದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಇಳಿದುಬಂದವು. 2010ಕ್ಕೆ ಆ ಉಪಗ್ರಹದ ಆಯುಷ್ಯ ಮುಗಿಯಿತು. ಸರ್ಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಬಂತು, ಅದರ ಬೆನ್ನಿಗೆ ಐ.ಸಿ.ಟಿ. ಯೋಜನೆಯ ಹಂತಗಳು ಬಂದವು.

ಈ ಕಥೆಯಿಂದ ನಾವು ತಿಳಿಯಬೇಕಾದದ್ದು ಇಷ್ಟು: ಪೆಟ್ಟಿಗೆಗೆ ಆಯುಷ್ಯವಿದೆ. ಉಪಗ್ರಹಕ್ಕೆ ಆರು ವರ್ಷ, ಕಂಪ್ಯೂಟರಿಗೆ ಐದು ವರ್ಷ, ಕರಾರಿಗೆ ಇನ್ನೂ ಕಡಿಮೆ. ಆದರೆ ಇಪ್ಪತ್ತೈದನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಒಬ್ಬ ಮೇಷ್ಟ್ರು ಮೂವತ್ತೈದು ವರ್ಷ ಕಲಿಸುತ್ತಾರೆ. ಅವರ ಕೈಗೆ ಬಂದ ವಿದ್ಯೆಯನ್ನು ಯಾವ ಕಂಪನಿಯೂ ವಾಯಿದೆ ಮುಗಿಯಿತೆಂದು ಬಿಚ್ಚಿಕೊಂಡು ಹೋಗಲಾರದು. ಹಣ ಹಾಕಬೇಕಾದದ್ದು ಎಲ್ಲಿ? ಲೆಕ್ಕ ಬಲ್ಲ ಯಾವ ಅಂಗಡಿಕಾರನಾದರೂ ಹೇಳುತ್ತಾನೆ. ಲೆಕ್ಕ ಬಾರದವರು ಮಾತ್ರ ಬೆಂಗಳೂರಿನಲ್ಲಿ ಕೂತಿದ್ದಾರೆ.

ಗುತ್ತಿಗೆಯ ಗಣಕ

ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯನ್ನು ನಡೆಸಿದ ರೀತಿಯನ್ನು ನೋಡಿ. ಅದಕ್ಕೆ 'ಬೂಟ್' ಪದ್ಧತಿ ಎಂದು ಹೆಸರು. ಕಂಪನಿ ಕಟ್ಟುತ್ತದೆ, ಕಂಪನಿಯೇ ಒಡೆಯನಾಗಿರುತ್ತದೆ, ಕಂಪನಿಯೇ ನಡೆಸುತ್ತದೆ, ಕರಾರಿನ ವರ್ಷಗಳು ಮುಗಿದ ಮೇಲೆ ಸಾಮಾನನ್ನು ಶಾಲೆಗೆ ಬಿಟ್ಟು ಹೋಗುತ್ತದೆ. ಕಲಿಸಲು ಬರುವ ಹುಡುಗನೂ ಕಂಪನಿಯವನೇ, ಅವನಿಗೆ ಕೈಗೆ ಬಾಯಿಗೆ ಸಾಲದ ಸಂಬಳ. ಗಣಿತದ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧವಿಲ್ಲ, ವಿಜ್ಞಾನದ ಟೀಚರಿಗೂ ಸಂಬಂಧವಿಲ್ಲ. ಬೀಗದ ಕೈ ಬೇರೆಯವರ ಸೊಂಟದಲ್ಲಿ. ಕರಾರು ಮುಗಿಯಿತು, ಹುಡುಗ ಹೋದ, ಹಳೆಯ ಯಂತ್ರಗಳು ಉಳಿದವು. ಅವನ್ನು ನಡೆಸಬಲ್ಲವರು ಶಾಲೆಯಲ್ಲಿ ಒಬ್ಬರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಣ್ಣ ವ್ಯಾಪಾರಿಗಳಿಗೆ ಇದು ಹೊಸ ಕಥೆಯಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಅಲ್ಲಿಯವರೆಗೆ ಕಿರ್ದಿ ಖಾತೆ ಬರೆದುಕೊಂಡು ನಿಮ್ಮ ಲೆಕ್ಕಕ್ಕೆ ನೀವೇ ದಣಿಯಾಗಿದ್ದಿರಿ. ಮರುದಿನದಿಂದ ಎಲ್ಲವೂ ಕಂಪ್ಯೂಟರಿನಲ್ಲಿ ಎಂದರು, ಆದರೆ ಕಲಿಸಿದವರು ಯಾರೂ ಇಲ್ಲ. ಪರಿಣಾಮವೇನು? ತಿಂಗಳು ತಿಂಗಳು ಮಧ್ಯವರ್ತಿಗೆ ಹಣ ಎಣಿಸಿಕೊಟ್ಟು, ಅವನು ತೋರಿಸಿದ ಕಡೆ ಸಹಿ ಹಾಕಿದಿರಿ. ಯಂತ್ರವನ್ನು ತಾನೇ ನಡೆಸಲು ಬಾರದವನು ಯಂತ್ರ ಬಲ್ಲವನ ಒಕ್ಕಲಾಗುತ್ತಾನೆ. ಅಂಗಡಿಯಲ್ಲಿ ನಡೆದದ್ದೇ ಶಾಲೆಯಲ್ಲಿಯೂ ನಡೆಯಿತು.

ಆದರೆ ಬೇರೆ ದಾರಿ ಇರಲಿಲ್ಲವೇ? ಇತ್ತು, ನೆರೆಯ ಕೇರಳದಲ್ಲಿಯೇ ಇತ್ತು. ಅಲ್ಲಿ 2001ರಲ್ಲಿ 'ಐಟಿ@ಸ್ಕೂಲ್' ಯೋಜನೆ ಹೂಡಿದರು. ಅದನ್ನು ಗುತ್ತಿಗೆಗೆ ಕೊಡಲಿಲ್ಲ. ಶಾಲೆಯ ಉಪಾಧ್ಯಾಯರಲ್ಲಿಯೇ ಆಸಕ್ತರನ್ನು ಆರಿಸಿ ತರಬೇತಿ ಕೊಟ್ಟು, ಅವರಿಂದ ಉಳಿದವರಿಗೆ ಕಲಿಸಿದರು. ಪರವಾನಗಿಗೆ ದುಡ್ಡು ತೆರಬೇಕಾದ ತಂತ್ರಾಂಶವನ್ನು ಬಿಟ್ಟು ಸ್ವತಂತ್ರ ತಂತ್ರಾಂಶ ಹಿಡಿದರು. ಮಲಯಾಳದಲ್ಲಿಯೇ ಪಾಠ ಕಟ್ಟಿದರು. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರಲ್ಲಿ 45,000 ತರಗತಿಗಳಿಗೆ ಯಂತ್ರ ಕೂಡಿಸಲು ಹೊರಟಾಗ ಅವುಗಳ ಮುಂದೆ ನಿಲ್ಲಬಲ್ಲ ಮೇಷ್ಟ್ರುಗಳು ಆಗಲೇ ಸಿದ್ಧರಾಗಿದ್ದರು. ಮೊದಲು ಮನುಷ್ಯ, ಆಮೇಲೆ ಯಂತ್ರ. ಕ್ರಮ ತಿಳಿದವರ ಕೆಲಸ ಹೀಗೆ.

ನಮ್ಮಲ್ಲಿಯೂ ಬುದ್ಧಿ ಬಂದ ಗಳಿಗೆಗಳಿದ್ದವು. 2011ರಿಂದ ವಿಷಯ ಶಿಕ್ಷಕರ ವೇದಿಕೆಗಳು ನಡೆದವು. ಮೇಷ್ಟ್ರುಗಳೇ ಪಾಠ ಸಾಮಗ್ರಿ ಬರೆದು ಒಬ್ಬರಿಗೊಬ್ಬರು ಹಂಚಿಕೊಂಡರು. 2016-17ರಲ್ಲಿ 'ಟಾಲ್ಪ್' ಎಂಬ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೇ ತರಬೇತಿ ಕೊಡತೊಡಗಿದರು. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಇವೆಲ್ಲ ಕೆಲಸಕ್ಕೆ ಸೇರಿದ ಮೇಲಿನ ತರಬೇತಿ. ಕೆಲಸಕ್ಕೆ ಸೇರುವ ಮೊದಲು ಕಲಿಯುವ ಕಾಲೇಜಿನಲ್ಲಿ ಏನು ನಡೆದಿದೆ? ರೋಗದ ಬೇರು ಅಲ್ಲಿದೆ.

ಅರ್ಧ ಪತ್ರಿಕೆಯ ವಿದ್ಯೆ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಗಳ ಮೂಲಕ ಬಿ.ಎಡ್. ಪದವಿಯನ್ನು ಎರಡು ವರ್ಷ ಮಾಡಿತು. 2015ರಿಂದ ಅದು ಜಾರಿಗೆ ಬಂತು. ಇಪ್ಪತ್ತು ವಾರ ಶಾಲೆಯಲ್ಲಿಯೇ ಇದ್ದು ಕಲಿಸಬೇಕು ಎಂದಿತು, ಒಳ್ಳೆಯ ಮಾತು. ಮಾಹಿತಿ ತಂತ್ರಜ್ಞಾನವನ್ನು ಬರಿದೇ ಬಳಸುವುದಲ್ಲ, ವಿಮರ್ಶೆಯಿಂದ ಅರಿಯಬೇಕು ಎಂದೂ ಹೇಳಿತು. ಅದೂ ಒಳ್ಳೆಯ ಮಾತು. ಆದರೆ ಅದಕ್ಕೆ ಕೊಟ್ಟ ಸ್ಥಾನವೆಷ್ಟು? ಅರ್ಧ ಪತ್ರಿಕೆ!

ಆ ಅರ್ಧ ಪತ್ರಿಕೆಯನ್ನಾದರೂ ಎಲ್ಲಿ ಕಲಿಸುತ್ತಾರೆ? ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಖಾಸಗಿಯವರ ಕೈಯಲ್ಲಿವೆ ಎಂದು ಅದು ತೋರಿಸಿತು. ಕೇಂದ್ರ ಸರ್ಕಾರದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ವರದಿಯನ್ನೇ ಆಧಾರವಾಗಿ ಹಿಡಿದು, ಹತ್ತು ಸಾವಿರಕ್ಕೂ ಮಿಕ್ಕ ಬಿಡಿ ಕಾಲೇಜುಗಳಲ್ಲಿ ಬಹುಪಾಲು ಗಂಭೀರವಾಗಿ ಶಿಕ್ಷಣ ಕೊಡುವ ಪ್ರಯತ್ನವನ್ನೇ ಮಾಡದೆ ಪದವಿಯನ್ನು ಬೆಲೆಗೆ ಮಾರುತ್ತಿವೆ ಎಂದು ಒಪ್ಪಿಕೊಂಡಿತು. ಇದು ನಮ್ಮ ಮಾತಲ್ಲ, ವಿರೋಧ ಪಕ್ಷದ ಮಾತೂ ಅಲ್ಲ. ಸರ್ಕಾರವೇ ಅಚ್ಚು ಹಾಕಿಸಿದ ಮಾತು. ಕಲಬೆರಕೆ ಎಣ್ಣೆ ಮಾರಿದ ಕಿರಾಣಿ ಅಂಗಡಿಯವನಿಗೆ ದಂಡ, ಜೈಲು. ಪದವಿ ಮಾರಿದವರಿಗೆ? ಅವರು ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ.

ಇಂಥ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ತಪಾಸಣೆಯ ದಿನ ತೆರೆಯುತ್ತದೆ, ಮರುದಿನ ಮುಚ್ಚುತ್ತದೆ. ಹಿಂದೆ ಪ್ರಶಿಕ್ಷಣಾರ್ಥಿಗಳು ಪಾಠೋಪಕರಣದ ಚಾರ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಬರೆಸುತ್ತಿದ್ದರು, ಇಂದು ಪಿ.ಪಿ.ಟಿ.ಯನ್ನು ಸೈಬರ್ ಅಂಗಡಿಯಲ್ಲಿ ಮಾಡಿಸುತ್ತಾರೆ. ಪಾಠಯೋಜನೆಯ ಪುಸ್ತಕದಲ್ಲಿ 'ಸ್ಮಾರ್ಟ್ ಬೋರ್ಡ್ ಬಳಸಲಾಯಿತು' ಎಂದು ಬರೆದರೆ ಅಂಕ ಬೀಳುತ್ತದೆ. ಬೋರ್ಡಿಗೆ ಕೈ ತಾಗಿಸಿದರೋ ಇಲ್ಲವೋ ಕೇಳುವವರಿಲ್ಲ. ತಪ್ಪು ಆ ಹುಡುಗಿಯದಲ್ಲ. ಈಜು ಕಲಿಸುತ್ತೇವೆಂದು ಶುಲ್ಕ ವಸೂಲು ಮಾಡಿ, ಬಾವಿಯ ಚಿತ್ರ ತೋರಿಸಿ ಕಳಿಸಿದವರದು ತಪ್ಪು.

ಗಿರಣಿ ಕಾರ್ಮಿಕರನ್ನು ನಾವು ಕೇಳುತ್ತೇವೆ. ಹೊಸ ಮಗ್ಗ ಬಂದಾಗ ಮಗ್ಗದ ಮೇಲೆ ಅರ್ಧ ಪತ್ರಿಕೆ ಪರೀಕ್ಷೆ ಬರೆಸಿ ನಿಮ್ಮನ್ನು ಅದರ ಮುಂದೆ ನಿಲ್ಲಿಸಿದರೇ? ಇಲ್ಲ. ಬಲ್ಲವನ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತು, ಎಳೆ ಹರಿದಾಗ ಗಂಟು ಹಾಕಿ, ಯಂತ್ರದ ಸದ್ದು ಬದಲಾದರೆ ಕಿವಿಯಿಂದಲೇ ರೋಗ ಹಿಡಿಯುವಷ್ಟು ಕಲಿತಿರಿ. ಬಟ್ಟೆ ಕೆಟ್ಟರೆ ಮೀಟರಿನ ಲೆಕ್ಕದಲ್ಲಿ ನಷ್ಟ ಎಂದು ಮಾಲೀಕನಿಗೆ ಗೊತ್ತು, ಅದಕ್ಕೇ ಕಲಿಸಿದ. ಮಕ್ಕಳ ಓದು ಕೆಟ್ಟರೆ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ, ಅದಕ್ಕೇ ಇವರು ಕಲಿಸುವುದಿಲ್ಲ.

ಕಲಿಯಬೇಕಾದದ್ದು ಏನು?

ಗುಂಡಿ ಒತ್ತಲು ಕಲಿಯುವುದೇ ತಂತ್ರಜ್ಞಾನ ಎಂದು ತಿಳಿದವರಿಗೆ ಹೇಳುತ್ತೇವೆ: ಗುಂಡಿ ಒತ್ತಲು ಮೂರು ವರ್ಷದ ಮಗುವಿಗೂ ಬರುತ್ತದೆ. ನಾಳಿನ ಉಪಾಧ್ಯಾಯ ಕಲಿಯಬೇಕಾದದ್ದು ಯಾವಾಗ ಒತ್ತಬೇಕು, ಯಾವಾಗ ಆರಿಸಬೇಕು ಎಂಬುದನ್ನು.

ಹೃದಯ ರಕ್ತವನ್ನು ಹೇಗೆ ಒತ್ತುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ತೋರಿಸುವುದು ಕಷ್ಟ, ಚಲಿಸುವ ಚಿತ್ರ ಎರಡು ನಿಮಿಷದಲ್ಲಿ ತೋರಿಸುತ್ತದೆ. ಆದರೆ ಅದಾದ ಮೇಲೆ ಚಿತ್ರ ಆರಿಸಿ, ಪ್ರತಿ ಮಗುವಿನ ಬೆರಳನ್ನು ಅದರ ಮಣಿಕಟ್ಟಿನ ನಾಡಿಯ ಮೇಲೆ ಇಡಿಸಿ, ಒಂದು ನಿಮಿಷ ಎಣಿಸಿಸಿ, ಅಂಗಳದಲ್ಲಿ ಓಡಿ ಬರಲು ಹೇಳಿ ಮತ್ತೆ ಎಣಿಸಿಸುವುದು ಮೇಷ್ಟ್ರ ವಿದ್ಯೆ. ಚಿತ್ರ ಮಾತ್ರ ಇದ್ದರೆ ಅದು ಸಿನಿಮಾ. ನಾಡಿಯೂ ಸೇರಿದರೆ ಪಾಠ.

ವಿದ್ಯುತ್ತಿನ ಪಾಠಕ್ಕೆ ತಂತಿ, ಬಲ್ಬು ಇಲ್ಲದ ಶಾಲೆಗಳಿವೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದವರು 2002ರಲ್ಲಿ ಆರಂಭಿಸಿದ 'ಫೆಟ್' ಎಂಬ ಪ್ರಯೋಗ ಚಿತ್ರಗಳು ದುಡ್ಡಿಲ್ಲದೆ ಸಿಗುತ್ತವೆ, ಹಲವು ಕನ್ನಡದಲ್ಲಿಯೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ರೇಖಾಗಣಿತಕ್ಕೆ 'ಜಿಯೋಜಿಬ್ರಾ' ಇದೆ. ಕಣ್ಣು ಕಾಣದ ಮಗುವಿಗೆ ಪರದೆಯ ಮೇಲಿನದನ್ನು ಓದಿ ಹೇಳುವ 'ಎನ್.ವಿ.ಡಿ.ಎ.' ಇದೆ; ಆಸ್ಟ್ರೇಲಿಯದ ಮೈಕೆಲ್ ಕರನ್, ತಾವೂ ಕಣ್ಣು ಕಾಣದವರು, 2006ರಲ್ಲಿ ಅದನ್ನು ಆರಂಭಿಸಿದರು; ಅದಕ್ಕೂ ಬೆಲೆಯಿಲ್ಲ. ಇವು ಯಾವುವೂ ಕೋಟಿಯ ಮಾತಲ್ಲ. ಆದರೆ ಎಷ್ಟು ಬಿ.ಎಡ್. ಕಾಲೇಜುಗಳಲ್ಲಿ ಪ್ರಶಿಕ್ಷಣಾರ್ಥಿಗಳು ಇವನ್ನು ಹಿಡಿದು ನಿಜವಾದ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಿದ್ದಾರೆ?

ಇನ್ನು ನಮ್ಮ ಕನ್ನಡ. ಕೆ. ಪಿ. ರಾವ್ ಅವರಂಥವರು ದುಡಿದು ಕನ್ನಡಕ್ಕೆ ಕೀಲಿಮಣೆ ಕೊಟ್ಟರು, 'ನುಡಿ' ಬಂತು, ಯೂನಿಕೋಡ್ ಬಂತು. ಆದರೂ ಕನ್ನಡ ಮಾಧ್ಯಮದಲ್ಲಿ ಕಲಿಸಲು ಹೊರಟ ಪ್ರಶಿಕ್ಷಣಾರ್ಥಿ ಒಂದು ಪುಟ ಕನ್ನಡವನ್ನು ತಪ್ಪಿಲ್ಲದೆ ಬೆರಳಚ್ಚು ಮಾಡಲು ತಡಕಾಡುವಂತಾದರೆ ಅದು ನಾಚಿಕೆಗೇಡು. ಯಂತ್ರ ಇಂಗ್ಲಿಷಿನಲ್ಲಿ ಮಾತಾಡಿದರೆ ಬಡವರ ಮಗು ಮತ್ತೆ ಹಿಂದಿನ ಬೆಂಚಿಗೆ ಹೋಗುತ್ತದೆ. ಹೊಸ ಪೆಟ್ಟಿಗೆಯೊಳಗೆ ಹಳೆಯ ಪಂಕ್ತಿಭೇದ!

ತಂತ್ರಜ್ಞಾನವೆಂದರೆ ಕರೆಂಟಿನಿಂದ ನಡೆಯುವುದು ಮಾತ್ರ ಎಂಬ ಭ್ರಮೆಯನ್ನೂ ಬಿಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಕೈಯಾರೆ ಕಾರ್ಡು ಬರೆದು, ಕಲಿಕೆಯ ಏಣಿ ಕಟ್ಟಿ 'ನಲಿ-ಕಲಿ' ತಂದರು. ಅದಕ್ಕಿಂತ ಒಳ್ಳೆಯ ತಂತ್ರಜ್ಞಾನ ನಮ್ಮ ಶಾಲೆಗೆ ಬಂದದ್ದು ಕಡಿಮೆ. ಅದರ ಬಲ ಕಾರ್ಡಿನಲ್ಲಿರಲಿಲ್ಲ. ಅದನ್ನು ಮಾಡಿದ ಕೈಯೂ ಬಳಸಿದ ಕೈಯೂ ಒಂದೇ ಆಗಿದ್ದುದರಲ್ಲಿತ್ತು. ನಾಳಿನ ಉಪಾಧ್ಯಾಯನಿಗೆ ಬೇಕಾದದ್ದು ಈ ಒಡೆತನ.

ಎರಡು ಕಡೆಯ ಆಕ್ಷೇಪಗಳಿಗೆ ಉತ್ತರ

'ಉಪಾಧ್ಯಾಯರಿಗೇ ಕಲಿಯಲು ಮನಸ್ಸಿಲ್ಲ, ಸಂಬಳ ಎಣಿಸುವವರು' ಎಂದು ಅಧಿಕಾರಿಗಳು ಹೇಳುತ್ತಾರೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಏನಾಯಿತು? ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಅವನ್ನು ಕಲಿಸಿದವರು ಇದೇ ಉಪಾಧ್ಯಾಯರು. ಟಿ.ವಿ. ಇಲ್ಲದ, ಫೋನಿಲ್ಲದ ಮಕ್ಕಳನ್ನು ಹುಡುಕಿಕೊಂಡು ಆಗಸ್ಟಿನಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಗುಡಿಯ ಪೌಳಿಗೆ, ಮರದ ಕೆಳಗೆ ಹೋದವರೂ ಇದೇ ಉಪಾಧ್ಯಾಯರು. ಸ್ವಂತ ಫೋನು, ಸ್ವಂತ ದುಡ್ಡಿನ ಡೇಟಾ, ಸೋಂಕಿನ ಭಯ ಸ್ವಂತ ಜೀವಕ್ಕೆ. ಕಲಿಯಲು ಮನಸ್ಸಿಲ್ಲದವರು ಮಾಡುವ ಕೆಲಸವೇ ಅದು?

ಮತ್ತೊಂದು ಆಕ್ಷೇಪ ನಮ್ಮ ಬಳಗದಿಂದಲೇ ಬರುತ್ತದೆ. 'ಯಂತ್ರ ಬಂದರೆ ಮೇಷ್ಟ್ರ ಕೆಲಸಕ್ಕೆ ಸಂಚಕಾರ, ಶಾಲೆಯೊಳಗೆ ಬಿಡಲೇಬಾರದು' ಎಂದು. ಭಯ ಸುಳ್ಳಲ್ಲ, ಆದರೆ ತೀರ್ಮಾನ ಸರಿಯಲ್ಲ. 1955ರಲ್ಲಿ ಕಾನ್ಪುರದ ಬಟ್ಟೆ ಗಿರಣಿಗಳ ಕಾರ್ಮಿಕರು ಎಂಬತ್ತು ದಿನ ಮುಷ್ಕರ ಹೂಡಿದರು. ಅವರ ಜಗಳ ಕಬ್ಬಿಣದ ಮಗ್ಗದ ಮೇಲಿನದಾಗಿರಲಿಲ್ಲ. ಹೊಸ ವ್ಯವಸ್ಥೆಯ ಹೆಸರಿನಲ್ಲಿ ಒಬ್ಬನ ಹೆಗಲ ಮೇಲೆ ಹೆಚ್ಚಿನ ಮಗ್ಗ ಹೊರಿಸಿ ಉಳಿದವರನ್ನು ಬೀದಿಗೆ ತಳ್ಳುವ ಸಂಚಿನ ಮೇಲಿನದಾಗಿತ್ತು. ಯಂತ್ರ ಬರಲಿ, ಆದರೆ ಯಾರ ಷರತ್ತಿನ ಮೇಲೆ? ಕಾರ್ಮಿಕ ಚಳವಳಿ ಕಲಿಸಿದ ಪ್ರಶ್ನೆ ಇದು. ಶಾಲೆಗೂ ಇದೇ ಪ್ರಶ್ನೆ ಸಲ್ಲುತ್ತದೆ.

ಸಂಚು ಅಲ್ಲಿಯೂ ಇದೆ. ಸರ್ಕಾರಿ ಶಾಲೆಗಳಲ್ಲಿ ಸಾವಿರಾರು ಹುದ್ದೆಗಳು ಖಾಲಿ. ಅವುಗಳನ್ನು ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಗೌರವಧನಕ್ಕೆ ಅತಿಥಿ ಶಿಕ್ಷಕರು ತುಂಬುತ್ತಿದ್ದಾರೆ. ಗಿರಣಿಯ ಬಾಗಿಲಲ್ಲಿ ಬೆಳಿಗ್ಗೆ ನಿಂತು ಇಂದು ಕೆಲಸ ಉಂಟೋ ಇಲ್ಲವೋ ಎಂದು ಕಾಯುವ ಬದಲಿ ಕಾಮಗಾರನಿಗೂ ಇವರಿಗೂ ಏನು ವ್ಯತ್ಯಾಸ? ರಜೆಯಲ್ಲಿ ಸಂಬಳವಿಲ್ಲ, ಮುಂದಿನ ವರ್ಷದ ಖಾತ್ರಿಯಿಲ್ಲ. 'ಗೌರವಧನ' ಎಂಬ ಹೆಸರಿನಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಮುಂದಿನ ಹೆಜ್ಜೆಯಾಗಿ 'ಒಳ್ಳೆಯ ಪಾಠವನ್ನು ಬೆಂಗಳೂರಿನಿಂದ ಬಿತ್ತರಿಸುತ್ತೇವೆ, ಹಳ್ಳಿಯಲ್ಲಿ ಪೆಟ್ಟಿಗೆ ಹಚ್ಚಲು ಒಬ್ಬರಿದ್ದರೆ ಸಾಕು' ಎನ್ನುವವರು ಬರುತ್ತಾರೆ. ಇದನ್ನು ತಡೆಯಬಲ್ಲವರು ಯಂತ್ರ ಬಾರದ ಮೇಷ್ಟ್ರಲ್ಲ. ಯಂತ್ರವನ್ನು ಚೆನ್ನಾಗಿ ಬಲ್ಲ, ಅದು ಏನು ಮಾಡಲಾರದು ಎಂಬುದನ್ನೂ ಬಲ್ಲ ಮೇಷ್ಟ್ರು ಮಾತ್ರ ಎದ್ದು ನಿಂತು 'ಇದು ಆಗದು' ಎಂದು ಹೇಳಬಲ್ಲರು.

ಮೇಷ್ಟ್ರಿಲ್ಲದ ಪೆಟ್ಟಿಗೆ ಏನು ಮಾಡಿತೆಂಬುದಕ್ಕೆ ಲೋಕದಲ್ಲಿ ಸಾಕ್ಷಿಯಿದೆ. ದಕ್ಷಿಣ ಅಮೆರಿಕದ ಪೆರು ದೇಶ ಮಗುವಿಗೊಂದರಂತೆ ಹತ್ತು ಲಕ್ಷದಷ್ಟು ಲ್ಯಾಪ್‌ಟಾಪ್ ಹಂಚಿತು. ಪಾಠದ ಕ್ರಮದೊಳಗೆ ಅದನ್ನು ಸೇರಿಸಲಿಲ್ಲವಾಗಿ ಮಕ್ಕಳ ಕಲಿಕೆ ಸುಧಾರಿಸಲಿಲ್ಲ. ಯುನೆಸ್ಕೋ 2023ರ ತನ್ನ ವರದಿಯಲ್ಲಿ ಇದನ್ನು ಎತ್ತಿ ಹೇಳಿದೆ. ನಮ್ಮ ಬೆಂಗಳೂರಿನಲ್ಲಿಯೇ ಬೆಳೆದ ಬೈಜೂಸ್ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. ತಂದೆತಾಯಂದಿರನ್ನು ಸಾಲಕ್ಕೆ ಸಿಕ್ಕಿಸಿ ಪಾಠ ಮಾರಿದರೆಂಬ ದೂರಿನ ಮೇಲೆ ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ಕೊಟ್ಟಿತು. 2024ರ ಜುಲೈನಲ್ಲಿ ಕಂಪನಿ ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು. ಊರ ಶಾಲೆಯ ಮೇಷ್ಟ್ರು ದಿವಾಳಿಯಾಗಿ ಓಡಿಹೋದದ್ದನ್ನು ಯಾರಾದರೂ ಕಂಡಿದ್ದೀರಾ?

ಲೆಕ್ಕ ಯಾರ ಕೈಯಲ್ಲಿ?

ಇನ್ನೊಂದು ಅಪಾಯವನ್ನು ಅಂಗಡಿಕಾರರು ಬೇಗ ಹಿಡಿಯಬಲ್ಲರು. ಯು.ಪಿ.ಐ. ಹಲಗೆ ಅಂಗಡಿಯ ಮುಂದೆ ತೂಗುಹಾಕಿದಾಗ ಅನುಕೂಲವೆಂದೇ ತಿಳಿದಿರಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಅದೇ ಲೆಕ್ಕವನ್ನು ಹಿಡಿದು ಚಹದಂಗಡಿ, ತರಕಾರಿ ಅಂಗಡಿಯವರಿಗೂ ನೋಟೀಸು ಕಳಿಸಿತು. ಯಂತ್ರ ಸುಮ್ಮನೆ ಕೆಲಸ ಮಾಡುವುದಿಲ್ಲ, ಬರೆದಿಟ್ಟುಕೊಳ್ಳುತ್ತದೆ ಎಂಬುದು ಅಂದು ತಿಳಿಯಿತು.

ಮಕ್ಕಳ ವಿಷಯದಲ್ಲಿಯೂ ಹಾಗೆಯೇ. ಯಾವ ಮಗು ಎಷ್ಟು ಅಂಕ, ಯಾವ ಊರು, ಯಾವ ಫೋನು, ಎಲ್ಲವೂ ಎಲ್ಲಿಯೋ ಬರೆದಿಡಲ್ಪಡುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ವೇದಿಕೆಯಲ್ಲಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹಾಗೂ ಲಕ್ಷಗಟ್ಟಲೆ ವಿದ್ಯಾರ್ಥಿಗಳ ವಿವರ ಬೀಗವಿಲ್ಲದೆ ಬಿದ್ದಿತ್ತೆಂಬ ಸುದ್ದಿ 2023ರ ಜನವರಿಯಲ್ಲಿ ಹೊರಬಿತ್ತು. ಇದನ್ನು ಕೇಳುವ ಬುದ್ಧಿ ಉಪಾಧ್ಯಾಯನಿಗೆ ಯಾರು ಕಲಿಸುತ್ತಾರೆ? ಹೊಸ ಆ್ಯಪ್ ಬಂದಾಗ 'ಇದು ಮಕ್ಕಳಿಂದ ಏನನ್ನು ತೆಗೆದುಕೊಳ್ಳುತ್ತದೆ' ಎಂದು ಕೇಳಲು ಬಾರದ ಮೇಷ್ಟ್ರು, ಅರಿಯದೆಯೇ ತನ್ನ ಮಕ್ಕಳನ್ನು ಸಂತೆಗೆ ಹೊಡೆದಂತೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. 2026-27ರ ಸಾಲಿನಿಂದ ಮೂರನೆಯ ತರಗತಿಯಿಂದಲೇ ಅದನ್ನು ಕಲಿಸುವುದಾಗಿ ಕೇಂದ್ರ ಶಿಕ್ಷಣ ಇಲಾಖೆ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಆದರೆ ಅದೇ ಇಲಾಖೆಯ 2024-25ರ ಅಂಕಿಅಂಶದ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇರುವವು ನೂರಕ್ಕೆ 64.7, ಇಂಟರ್ನೆಟ್ ಇರುವವು ನೂರಕ್ಕೆ 63.5. ಮೂರರಲ್ಲಿ ಒಂದು ಶಾಲೆಗೆ ಯಂತ್ರವೇ ಇಲ್ಲ. ಉಳಿದ ಎರಡರಲ್ಲಿ ಬಲ್ಲ ಮೇಷ್ಟ್ರು ಎಷ್ಟು ಮಂದಿ? ಆ ಯಂತ್ರ ತಪ್ಪನ್ನೂ ಒಪ್ಪವಾಗಿ, ಧೈರ್ಯವಾಗಿ ಹೇಳುತ್ತದೆ. ಅದರ ಮಾತನ್ನು ತೂಗಿ ನೋಡುವ ತಕ್ಕಡಿ ಮೇಷ್ಟ್ರ ಕೈಯಲ್ಲಿ ಇಲ್ಲವಾದರೆ ಮಗು ಸುಳ್ಳನ್ನೇ ಪಾಠವೆಂದು ನುಂಗುತ್ತದೆ. ನಿಮ್ಮ ಅಂಗಡಿಯ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು. ಮಕ್ಕಳ ತಲೆಗೆ ತೂಗುವ ತಕ್ಕಡಿಗೆ ಮುದ್ರೆ ಬೇಡವೇ?

ನಮ್ಮ ಬೇಡಿಕೆ

ಒಂದನೆಯದಾಗಿ, ಬಿ.ಎಡ್., ಡಿ.ಇಎಲ್.ಇಡಿ.ಗಳಲ್ಲಿ ಈ ವಿದ್ಯೆ ಅರ್ಧ ಪತ್ರಿಕೆಯಾಗಿ ಉಳಿಯಬಾರದು. ಗಣಿತ, ವಿಜ್ಞಾನ, ಕನ್ನಡ, ಸಮಾಜ ಪ್ರತಿಯೊಂದರ ಬೋಧನಾ ಪದ್ಧತಿಯ ಒಳಗೇ ಅದು ಬೆರೆಯಬೇಕು. ಪರೀಕ್ಷೆ ಕಾಗದದ ಮೇಲೆ ಬೇಡ; ಇಪ್ಪತ್ತು ವಾರದ ಶಾಲಾವಾಸದಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು. ಕರೆಂಟು ಹೋದರೆ ಅದೇ ಪಾಠವನ್ನು ಸೀಮೆಸುಣ್ಣದಿಂದ ಮುಂದುವರಿಸಬಲ್ಲವರಿಗೆ ಪೂರ್ಣ ಅಂಕ.

ಎರಡನೆಯದಾಗಿ, ಪ್ರತಿ ಜಿಲ್ಲೆಯ ಡಯಟ್‌ನಲ್ಲಿ ಒಳ್ಳೆಯ ಪ್ರಯೋಗಶಾಲೆ ತೆರೆದು, ಅದನ್ನು ಸಂಜೆಯ ವೇಳೆಯಲ್ಲಿ ಜಿಲ್ಲೆಯ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಪುಕ್ಕಟೆಯಾಗಿ ಬಿಡಬೇಕು. ಬಡ ಕಾಲೇಜಿನ ಹುಡುಗಿಗೂ ಯಂತ್ರಕ್ಕೆ ಕೈ ತಾಗಲಿ.

ಮೂರನೆಯದಾಗಿ, ಸಾರ್ವಜನಿಕ ಹಣದಿಂದ ಕೊಳ್ಳುವ ತಂತ್ರಾಂಶ ಸ್ವತಂತ್ರವಾಗಿರಬೇಕು, ಕನ್ನಡದಲ್ಲಿರಬೇಕು. ಮಕ್ಕಳ ವಿವರ ಯಾವ ಕಂಪನಿಯ ಉಗ್ರಾಣಕ್ಕೂ ಹೋಗಬಾರದು.

ನಾಲ್ಕನೆಯದಾಗಿ, ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಬೇಕು. ಅತಿಥಿ ಶಿಕ್ಷಕರಿಗೂ ತರಬೇತಿ ಕೊಡಬೇಕು, ತರಬೇತಿಯ ದಿನಗಳಿಗೆ ಕೂಲಿ ಕೊಡಬೇಕು.

ಐದನೆಯದಾಗಿ, ಪದವಿ ಮಾರುವ ಅಂಗಡಿಗಳನ್ನು ಮುಚ್ಚಬೇಕು. 2012ರಲ್ಲಿ ತಿಳಿದ ರೋಗಕ್ಕೆ ಇನ್ನೂ ಎಷ್ಟು ವರ್ಷ ವರದಿಯೇ ಔಷಧಿ?

ಇದೆಲ್ಲ ದೊಡ್ಡವರು ಮಾಡಬೇಕಾದದ್ದು ಎಂದು ಕೈಕಟ್ಟಿ ಕೂರಬೇಡಿ. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ, ಅದರಲ್ಲಿ ತಂದೆತಾಯಂದಿರಾದ ನೀವೇ ಸದಸ್ಯರು. ಮುಂದಿನ ಸಭೆಗೆ ಹೋಗಿ. ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇದೆ? ಕರಾರು ಯಾವ ಕಂಪನಿಯದು, ಎಂದು ಮುಗಿಯುತ್ತದೆ? ಶಾಲೆಯ ಯಾವ ಯಾವ ಮೇಷ್ಟ್ರಿಗೆ ಎಷ್ಟು ದಿನ ತರಬೇತಿಯಾಗಿದೆ? ಕಳೆದ ತಿಂಗಳು ಯಾವ ಪಾಠಕ್ಕೆ ಆ ಯಂತ್ರ ಬಳಕೆಯಾಯಿತು? ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಹಾಕಿ. ಬಂದ ಉತ್ತರವನ್ನು ನಮಗೆ ಕಳಿಸಿ. ಸರ್ಕಾರಕ್ಕೆ ಕೇಳಿಸುವ ಹಾಗೆ ಈ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.